ನಾಯಿ ಎತ್ತ ನೋಡುತ್ತಿದೆ?

ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ಪುಟ್ಟಿ ನಮ್ಮ ಮನೆಗೆ ಬಂದಿದ್ದಳು. ಆರು ವರ್ಷದವಳು. ಬಂದ ದಿನದಿಂದಲೇ ಅವಳಿಗೂ ನಮ್ಮ ಕಾಳನಿಗೂ ಗಳಸ್ಯ ಕಂಠಸ್ಯ. ಕಾಳ ಬೀದಿಯಿಂದ ಬಂದವನು. ಒಂದು ಕಿವಿ ನೆಟ್ಟಗಿದೆ, ಇನ್ನೊಂದು ಮಡಿಚಿಕೊಂಡಿದೆ. ಒಂದು ಭಾನುವಾರ ಮಧ್ಯಾಹ್ನ ಇಬ್ಬರನ್ನೂ ಇಟ್ಟುಕೊಂಡು ಸಣ್ಣ ವಿಡಿಯೊ ಮಾಡೋಣ ಅನ್ನಿಸಿತು. ಕಥೆ ಇಷ್ಟೇ. ಪುಟ್ಟಿ ಜಗಲಿ ಮೇಲೆ ಕೂತು ಚಕ್ಕುಲಿ ತಿನ್ನುತ್ತಿರುತ್ತಾಳೆ. ಕಾಳ ಹಿಂದಿನಿಂದ ಮೆಲ್ಲಗೆ ಬಂದು ತಟ್ಟೆಯಿಂದ ಒಂದು ಚಕ್ಕುಲಿ ಎತ್ತಿಕೊಂಡು ಹೋಗುತ್ತಾನೆ. ಅವಳು ತಿರುಗಿ ನೋಡಿ ಬಾಯಿ ಬಿಡುತ್ತಾಳೆ. ಒಟ್ಟು 15 ಸೆಕೆಂಡು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕೋಕೆ ಅಷ್ಟು ಸಾಕು.

ಆ 15 ಸೆಕೆಂಡಿಗೆ 40 ನಿಮಿಷ ಹಿಡಿಯಿತು. ಮೊದಲು ಕಾಳ ಚಕ್ಕುಲಿ ಎತ್ತಲಿಲ್ಲ, ತಟ್ಟೆಯನ್ನೇ ಎತ್ತಿದ. ಆಮೇಲೆ ತಟ್ಟೆ ಬಿಟ್ಟು ಪುಟ್ಟಿಯ ಕೈಯಲ್ಲಿದ್ದದ್ದಕ್ಕೇ ಬಾಯಿ ಹಾಕಿದ. ಪಾರ್ಲೆ-ಜಿ ಪೊಟ್ಟಣ ತಂದು ಪ್ರತಿ ಸಲಕ್ಕೂ ಒಂದೊಂದು ಬಿಸ್ಕತ್ತು ಅಂತ ಆಸೆ ತೋರಿಸಿದ ಮೇಲೆ ಕೆಲಸ ಸ್ವಲ್ಪ ದಾರಿಗೆ ಬಂತು. ಅಷ್ಟರಲ್ಲಿ ಬೇರೆ ತೊಂದರೆ ಶುರುವಾಯಿತು. ಅವನು ಎಲ್ಲವನ್ನೂ ಸರಿಯಾಗೇ ಮಾಡುತ್ತಿದ್ದ, ಆದರೆ ಕಣ್ಣು ಮಾತ್ರ ನನ್ನ ಕೈ ಮೇಲೆ. ಚಕ್ಕುಲಿ ಬಾಯಲ್ಲಿ ಕಚ್ಚಿಕೊಂಡು, ಓಡುತ್ತಾ ಓಡುತ್ತಾ, ಕ್ಯಾಮರಾದ ಎಡಗಡೆ ನಿಂತಿದ್ದ ನನ್ನನ್ನು ತಿರುಗಿ ನೋಡುತ್ತಿದ್ದ. "ಸರಿಯಾಯ್ತಾ? ಎಲ್ಲಿ ನನ್ನ ಬಿಸ್ಕತ್ತು?" ಅನ್ನೋ ಥರ.

ಮೂಕಿ ಕಾಲದ ಹಾಸ್ಯ ಚಿತ್ರಗಳ ಹುಚ್ಚು ನನಗೆ ಮೊದಲಿಂದಲೂ ಇದೆ. ಎರಡು ರೀಲಿನ, 20 ನಿಮಿಷದ ಚಿತ್ರಗಳು. ರಾತ್ರಿ ಊಟ ಆದ ಮೇಲೆ ಒಂದು ನೋಡಿ ಮಲಗೋದು ಅಭ್ಯಾಸ. ಕಾಳನ ಜೊತೆ ಆ ಮಧ್ಯಾಹ್ನ ಕಳೆದ ಮೇಲೆ ನಾನು ಅವುಗಳನ್ನು ನೋಡೋ ರೀತಿಯೇ ಬದಲಾಯಿತು. ನಾಯಿ ಬಂದ ಕೂಡಲೇ ಅದು ಏನು ಮಾಡುತ್ತೆ ಅಂತ ನೋಡೋದು ಬಿಟ್ಟು, ಎತ್ತ ನೋಡುತ್ತೆ ಅಂತ ನೋಡೋಕೆ ಶುರು ಮಾಡಿದೆ.

1920ರ 'ದಿ ಸ್ಕೇರ್‌ಕ್ರೋ' ಚಿತ್ರವನ್ನೇ ತಗೊಳ್ಳಿ. ಮೂಕಿ ಕಾಲದ ದೊಡ್ಡ ಹಾಸ್ಯನಟ ಬಸ್ಟರ್ ಕೀಟನ್ನನದು. ಶುರುವಿನಲ್ಲಿ ಒಂದೇ ಕೋಣೆಯ ಮನೆ ಬರುತ್ತೆ. ಗ್ರಾಮಫೋನು ಎತ್ತಿದರೆ ಒಲೆ, ಉಪ್ಪು ಖಾರದ ಸೀಸೆಗಳೆಲ್ಲ ಸೂರಿನಿಂದ ದಾರದಲ್ಲಿ ನೇತಾಡುತ್ತಿರುತ್ತವೆ. ಎಲ್ಲರೂ ಹೊಗಳೋದು ಆ ಮನೆಯನ್ನು. ನನಗೆ ಇಷ್ಟವಾಗೋದು ಆಮೇಲಿನ ಭಾಗ. ಒಂದು ನಾಯಿ ಕೆನೆ ತುಂಬಿದ ಕಡುಬು ತಿಂದು ಮೂತಿಗೆಲ್ಲ ಬಳಿದುಕೊಂಡಿರುತ್ತೆ. ಕೀಟನ್ ಅದನ್ನು ನೊರೆ ಅಂದುಕೊಳ್ಳುತ್ತಾನೆ. ಹುಚ್ಚು ನಾಯಿ! ಓಟ ಶುರು. ಸೂರು ಹಾರಿಹೋದ ಒಂದು ಹಾಳು ಇಟ್ಟಿಗೆ ಮನೆ. ಕೀಟನ್ ಗೋಡೆ ಹತ್ತುತ್ತಾನೆ. ನಾಯಿ ಏಣಿ ಹತ್ತಿಕೊಂಡು ಅವನ ಹಿಂದೆಯೇ ಬರುತ್ತೆ! ಒಂದು ಅಡಿಗಿಂತ ಹೆಚ್ಚು ಅಗಲವಿರದ ಗೋಡೆಯ ನೆತ್ತಿಯ ಮೇಲೆ ಇಬ್ಬರೂ ಸುತ್ತೋ ಸುತ್ತು. ಮೂಲೆ ಬಂದಾಗ ನಾಯಿ ವೇಗ ಕಮ್ಮಿ ಮಾಡಿ, ಹಿಂಗಾಲು ಸರಿಮಾಡಿಕೊಂಡು, ತಿರುಗಿ ಮತ್ತೆ ಓಡುತ್ತೆ. ಆ ಮೂಲೆಯಲ್ಲಿ ಪಾದ ಇಡೋದನ್ನು ನಾನು ಹತ್ತು ಸಲವಾದರೂ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಕೊನೆಗೆ ಅದು ಒಳ್ಳೇ ನಾಯಿ ಅಂತ ಗೊತ್ತಾಗುತ್ತೆ, ಇಬ್ಬರೂ ಗೆಳೆಯರಾಗುತ್ತಾರೆ.

ಆ ನಾಯಿಯ ಹೆಸರು ಲ್ಯೂಕ್. ಅದರ ಯಜಮಾನ ರಾಸ್ಕೋ ಆರ್ಬಕಲ್, ಅಂದರೆ ಕೀಟನ್ನನನ್ನು ಸಿನಿಮಾಕ್ಕೆ ಕರೆತಂದ ಆ ದಪ್ಪನೆಯ ಹಾಸ್ಯಗಾರ. ಆರ್ಬಕಲ್ಲನ ಹೆಂಡತಿ ಮಿಂಟಾ ಡರ್ಫಿ ಒಂದು ಅಪಾಯದ ಸಾಹಸ ಮಾಡಿದ್ದಕ್ಕೆ ನಿರ್ದೇಶಕ ವಿಲ್‌ಫ್ರೆಡ್ ಲ್ಯೂಕಸ್ ಈ ಮರಿಯನ್ನು ಕೊಟ್ಟನಂತೆ, ಅವನ ಹೆಸರಿನಿಂದಲೇ ಲ್ಯೂಕ್ ಅಂತ ಕರೆದರಂತೆ. ಹಾಗಂತ ಕಥೆ. ಪಿಟ್ ಬುಲ್ ಜಾತಿ. ಇವತ್ತು ನಮ್ಮ ಬಡಾವಣೆಯಲ್ಲಿ ಪಿಟ್ ಬುಲ್ ಕಂಡರೆ ಜನ ಗೇಟು ಹಾಕಿಕೊಳ್ಳುತ್ತಾರೆ. ಆಗ ಅದೇ ನಾಯಿ ಥಿಯೇಟರಿನಲ್ಲಿ ಮಕ್ಕಳ ಅಚ್ಚುಮೆಚ್ಚು.

ಲ್ಯೂಕ್ ಓಡುವಾಗ ಕೀಟನ್ನನನ್ನೇ ನೋಡುತ್ತೆ, ಬೇರೆ ಕಡೆ ಕಣ್ಣು ಹೊರಳಿಸೋದು ಕಮ್ಮಿ. ಬಹುಶಃ ಅದಕ್ಕೆ ಇದು ನಿಜವಾಗಲೂ ಆಟವೇ ಆಗಿತ್ತು. ಎಲ್ಲ ನಾಯಿಗಳೂ ಹಾಗಲ್ಲ. ಆ ಕಾಲದ ಬೇರೆ ಚಿತ್ರಗಳಲ್ಲಿ ಗಮನವಿಟ್ಟು ನೋಡಿ. ಬಾಗಿಲು ತೆಗೆಯೋ ಮುಂಚೆ, ಟೋಪಿ ಎತ್ತೋ ಮುಂಚೆ, ಪಾಪುವಿನ ತೊಟ್ಟಿಲು ತೂಗೋ ಮುಂಚೆ, ನಾಯಿ ಒಂದು ಕ್ಷಣ ಚೌಕಟ್ಟಿನ ಹೊರಗೆ ನೋಡುತ್ತೆ. ಕಿವಿ ಆ ಕಡೆ ತಿರುಗುತ್ತೆ. ಅಲ್ಲಿ ಯಾರೋ ನಿಂತಿದ್ದಾರೆ. ಏನೋ ಕೂಗುತ್ತಿದ್ದಾರೆ.

ಇದು ಮೂಕಿಯ ಒಂದು ದೊಡ್ಡ ಅನುಕೂಲ. ಚಿತ್ರಕ್ಕೆ ಮಾತಿಲ್ಲ ಅಂದ ಮಾತ್ರಕ್ಕೆ ಚಿತ್ರೀಕರಣದ ಜಾಗ ಸದ್ದಿಲ್ಲದೆ ಇತ್ತು ಅಂದುಕೊಳ್ಳಬೇಡಿ. ಸಂತೆ ಥರ ಗದ್ದಲ. ಕ್ಯಾಮರಾ ತಿರುಗುತ್ತಿರುವಾಗಲೇ ನಿರ್ದೇಶಕ ಕೂಗುತ್ತಿದ್ದ, ತರಬೇತಿ ಕೊಟ್ಟವನು "ಕೂತ್ಕೋ, ಬಾ, ಹಿಡಿ" ಅನ್ನುತ್ತಿದ್ದ, ಯಾವುದೂ ಫಿಲ್ಮಿನಲ್ಲಿ ದಾಖಲಾಗುತ್ತಿರಲಿಲ್ಲ. ಮಾತಿನ ಚಿತ್ರ ಬಂದ ಮೇಲೆ ಈ ಸುಖ ಹೋಯಿತು. ಕೂಗುವ ಹಾಗಿಲ್ಲ. ನಾಯಿಗೆ ಕೈಸನ್ನೆ ಕಲಿಸಬೇಕು, ಮಕ್ಕಳಿಗೆ ಸಂಭಾಷಣೆ ಬಾಯಿಪಾಠ ಮಾಡಿಸಬೇಕು.

ಮಕ್ಕಳಿಗೆ ಅಂದೆನಲ್ಲ. ಆ ಕೂಗು ನಾಯಿಗೆ ಮಾತ್ರ ಇರಲಿಲ್ಲ.

1922ರಲ್ಲಿ ಹಾಲಿವುಡ್ಡಿನ ನಿರ್ಮಾಪಕ ಹ್ಯಾಲ್ ರೋಚ್ 'ಅವರ್ ಗ್ಯಾಂಗ್' ಅನ್ನೋ ಮಕ್ಕಳ ಹಾಸ್ಯ ಸರಣಿ ಶುರು ಮಾಡಿದ. ಇದರ ಹುಟ್ಟಿನ ಬಗ್ಗೆ ಅವನೇ ಹೇಳುತ್ತಿದ್ದ ಕಥೆ ಚೆನ್ನಾಗಿದೆ. ಯಾರೋ ತಾಯಿ ಮಗಳಿಗೆ ಢಾಳಾಗಿ ಮೇಕಪ್ ಮಾಡಿಸಿ, ನಟನೆ ತೋರಿಸೋಕೆ ಅಂತ ಅವನ ಆಫೀಸಿಗೆ ಕರೆತಂದಿದ್ದಳು. ನೋಡಿ ನೋಡಿ ಅವನಿಗೆ ಸಾಕಾಯಿತು. ಅವರು ಹೋದ ಮೇಲೆ ಕಿಟಕಿಯಿಂದ ಹೊರಗೆ ನೋಡಿದ. ಎದುರಿನ ಮರದ ಡಿಪೋದಿಂದ ತುಂಡು ಕಡ್ಡಿ ಎತ್ತಿಕೊಂಡು ಬಂದ ಕೆಲವು ಹುಡುಗರು ಜಗಳ ಆಡುತ್ತಿದ್ದರು. ಎಲ್ಲರಿಗಿಂತ ಸಣ್ಣವನ ಕೈಯಲ್ಲಿ ಎಲ್ಲಕ್ಕಿಂತ ದೊಡ್ಡ ಕಡ್ಡಿ, ಅದು ದೊಡ್ಡವನಿಗೆ ಬೇಕು. ರೋಚ್ ಕಾಲು ಗಂಟೆ ಹಾಗೇ ನೋಡುತ್ತಾ ನಿಂತಿದ್ದನಂತೆ. ನಾನು ಇಷ್ಟು ಹೊತ್ತು ನೋಡಿದೆ ಅಂದರೆ ಜನರೂ ನೋಡುತ್ತಾರೆ ಅಂತ ಲೆಕ್ಕ ಹಾಕಿದ. ಈ ಕಥೆ ಎಷ್ಟು ನಿಜವೋ, ಹೇಳಿ ಹೇಳಿ ಎಷ್ಟು ನುಣುಪಾಯಿತೋ! ನಿರ್ಮಾಪಕರು ಇಂಥ ಕಥೆ ಚೆನ್ನಾಗಿ ಹೇಳುತ್ತಾರೆ.

ಲೆಕ್ಕ ಮಾತ್ರ ಸರಿಯಿತ್ತು. ಸರಣಿ 1944ರವರೆಗೆ ನಡೆಯಿತು, 220 ಕಿರುಚಿತ್ರಗಳು. ನನಗೆ ಹತ್ತಿರವಾದವು 1929ಕ್ಕೂ ಮುಂಚಿನ ಮೂಕಿಗಳೇ. ಹಿತ್ತಲು, ಹಳೇ ಮರದ ಪೆಟ್ಟಿಗೆ, ಹಳೇ ಚಕ್ರ, ಡೈನಾ ಅನ್ನೋ ಹೆಸರಿನ ಒಂದು ಹೇಸರಗತ್ತೆ. ಇಷ್ಟರಲ್ಲೇ ಮಕ್ಕಳು ತಮ್ಮದೇ ರೈಲು, ಸರ್ಕಸ್ಸು, ಬೆಂಕಿ ಆರಿಸೋ ದಳ ಎಲ್ಲ ಕಟ್ಟುತ್ತಾರೆ. ನಿರ್ದೇಶಕ ರಾಬರ್ಟ್ ಮೆಕ್‌ಗೋವನ್ ಈ ಮಕ್ಕಳನ್ನು ವರ್ಷಗಟ್ಟಲೆ ಸಂಭಾಳಿಸಿದ. ಅದರಲ್ಲಿ ಎಷ್ಟೋ ಮಕ್ಕಳಿಗೆ ಓದೋಕೇ ಬರುತ್ತಿರಲಿಲ್ಲ. ಅವನು ದೃಶ್ಯವನ್ನು ಕಥೆ ಥರ ಹೇಳಿ, ಕ್ಯಾಮರಾ ತಿರುಗುವಾಗ ಮೆಗಾಫೋನು ಹಿಡಿದು "ಈಗ ಅವನನ್ನ ನೋಡು, ಈಗ ಓಡು" ಅಂತ ಹೇಳಿಕೊಡುತ್ತಿದ್ದ. ಪಕ್ಕದಲ್ಲೇ ನಾಯಿಯವನು ನಾಯಿಗೆ ಹೇಳುತ್ತಿದ್ದ.

ಈ ಗುಂಪಿನಲ್ಲಿ ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಒಟ್ಟಿಗೆ ಆಡುತ್ತಿದ್ದರು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಒಂದೇ ಶಾಲೆಯ ಒಳಗೆ ಕೂರುವಂತಿರದ ಕಾಲ ಅದು. ಅರ್ನಿ ಮಾರಿಸನ್, ಅಂದರೆ 'ಸನ್‌ಶೈನ್ ಸ್ಯಾಮಿ', ಮೊದಮೊದಲ ಚಿತ್ರಗಳಲ್ಲಿ ಎಲ್ಲರಿಗಿಂತ ಅನುಭವಿ ನಟ. ಅವನ ಹಿಂದೆ ಪುಟಾಣಿ ಅಲೆನ್ ಹಾಸ್ಕಿನ್ಸ್, 'ಫರೀನಾ'. ಒಟ್ಟಿಗೆ ಆಡಿದರು ಅನ್ನೋದು ನಿಜ. ಆದರೆ ಬಣ್ಣ ಇಟ್ಟುಕೊಂಡು ಮಾಡಿದ ತಮಾಷೆಗಳೂ ಅಷ್ಟೇ ಇವೆ. ಫರೀನಾಗೆ ಜುಟ್ಟು ಕಟ್ಟಿ, ಹರಕಲು ಬಟ್ಟೆ ಹಾಕಿಸಿ, ಹೆದರಿದಾಗ ಕಣ್ಣರಳಿಸೋಕೆ ಹೇಳುತ್ತಾರೆ. ಅದು ಬಂದಾಗ ನನ್ನ ನಗು ಅರ್ಧಕ್ಕೆ ನಿಲ್ಲುತ್ತೆ. ಮರುಕ್ಷಣ ಅದೇ ಮಗು ಬೇರೆ ಏನೋ ಮಾಡಿ ನಗಿಸಿಬಿಡುತ್ತೆ. ಎರಡೂ ಒಂದೇ ರೀಲಿನಲ್ಲಿದೆ, ಏನು ಮಾಡೋದು.

ಗ್ಯಾಂಗಿನ ನಾಯಿ ಪೀಟ್. ಒಂದು ಕಣ್ಣಿನ ಸುತ್ತ ಕಪ್ಪು ಉಂಗುರ. ಮೊದಲ ಪೀಟ್‌ಗೆ ಆ ಉಂಗುರ ಹೆಚ್ಚುಕಮ್ಮಿ ಹುಟ್ಟಿನಿಂದಲೇ ಇತ್ತಂತೆ, ಬಿಟ್ಟುಹೋದ ಚೂರನ್ನು ಬಣ್ಣದಲ್ಲಿ ತುಂಬುತ್ತಿದ್ದರಂತೆ. ಆಮೇಲೆ ಬೇರೆ ನಾಯಿ ಬಂತು, ಹೆಸರು ಮಾತ್ರ ಅದೇ. ಮಜಾ ಏನು ಅಂದರೆ ನಾಯಿ ಬದಲಾದಾಗ ಉಂಗುರವೂ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಹೋಯಿತು! ಮಕ್ಕಳದೂ ಅದೇ ಕಥೆ. ದೊಡ್ಡವರಾದರೆ ಹೊರಗೆ. ದಪ್ಪ ಹುಡುಗ ಹೋದರೆ ಇನ್ನೊಬ್ಬ ದಪ್ಪ ಹುಡುಗ.

ರೋಚ್ ಸುಮಾರು ಅದೇ ಹೊತ್ತಿಗೆ ಬರೀ ಪ್ರಾಣಿಗಳನ್ನೇ ಹಾಕಿಕೊಂಡು 'ಡಿಪ್ಪಿ ಡೂ ಡ್ಯಾಡ್ಸ್' ಅಂತ ಇನ್ನೊಂದು ಸರಣಿ ಮಾಡಿದ. ಕೋತಿಗಳಿಗೆ ಕೋಟು, ಟೋಪಿ. ನನಗೆ ಐದು ನಿಮಿಷಕ್ಕಿಂತ ಜಾಸ್ತಿ ನೋಡೋಕಾಗಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಈ ಎಲ್ಲಕ್ಕೂ ಅಜ್ಜ ಅನ್ನಬಹುದಾದ ಚಿತ್ರ ಹಾಸ್ಯದ್ದಲ್ಲ. 1905ರ ಇಂಗ್ಲೆಂಡಿನ 'ರೆಸ್ಕ್ಯೂಡ್ ಬೈ ರೋವರ್'. ಆರೇಳು ನಿಮಿಷದ್ದು. ಭಿಕ್ಷುಕಿಯೊಬ್ಬಳು ಮಗುವನ್ನು ಕದ್ದುಕೊಂಡು ಹೋಗುತ್ತಾಳೆ, ಮನೆಯ ನಾಯಿ ಹೊಳೆ ಈಜಿಕೊಂಡು ಹೋಗಿ ಪತ್ತೆ ಮಾಡಿ, ವಾಪಸ್ ಬಂದು ಯಜಮಾನನನ್ನು ಕರೆದುಕೊಂಡು ಹೋಗುತ್ತೆ. ನಿರ್ಮಾಪಕ ಸೆಸಿಲ್ ಹೆಪ್‌ವರ್ತ್ ತಂದೆಯ ಪಾತ್ರ ಮಾಡಿದ. ಕಥೆ ಬರೆದ ಹೆಂಡತಿ ತಾಯಿಯ ಪಾತ್ರ ಮಾಡಿದಳು. ಮಗು ಅವರದೇ, ನಾಯಿ ಬ್ಲೇರ್ ಕೂಡ ಮನೆಯದೇ. ಒಟ್ಟು ಖರ್ಚು 7 ಪೌಂಡು 13 ಶಿಲ್ಲಿಂಗು 9 ಪೆನ್ಸು. ಹೆಚ್ಚುಕಮ್ಮಿ 400 ಪ್ರತಿ ಮಾರಾಟವಾಯಿತು. ಪ್ರತಿ ತೆಗೆದು ತೆಗೆದು ಮೂಲ ನೆಗೆಟಿವ್ ಸವೆದುಹೋಗಿ, ಇಡೀ ಚಿತ್ರವನ್ನು ಮತ್ತೆರಡು ಸಲ ಚಿತ್ರಿಸಬೇಕಾಯಿತು. ಅಷ್ಟು ಕಮ್ಮಿ ಖರ್ಚು ಹೇಗೆ ಅಂದರೆ, ಮುಖ್ಯ ಪಾತ್ರಗಳೆಲ್ಲ ಮನೆಯವರದೇ. ಮನೆಯವರಿಗೆ ಯಾರು ಸಂಬಳ ಕೊಡ್ತಾರೆ?

ಅಲ್ಲಿ ಅದು ನಗು ಬರಿಸೋ ವಿಷಯ. ಹದಿನಾರು ವರ್ಷ ಕಳೆದು ಹಾಲಿವುಡ್ಡಿಗೆ ಬಂದರೆ ನಗು ಬರಲ್ಲ.

ಪೆಗ್ಗಿ ಜೀನ್ ಮಾಂಟ್‌ಗಮರಿ 1918ರಲ್ಲಿ ಹುಟ್ಟಿದಳು. 19 ತಿಂಗಳ ಮಗುವಾಗಿದ್ದಾಗ ತಾಯಿ ಅವಳನ್ನು ಎತ್ತಿಕೊಂಡು ಪರಿಚಯದವಳೊಬ್ಬಳ ಜೊತೆ ಸೆಂಚುರಿ ಸ್ಟುಡಿಯೊ ನೋಡೋಕೆ ಹೋಗಿದ್ದಳು. ಸೆಂಚುರಿಯಲ್ಲಿ ಆಗ ಬ್ರೌನಿ ಅನ್ನೋ ನಾಯಿ ದೊಡ್ಡ ತಾರೆ. ಅದರ ಜೊತೆಗೆ ಒಂದು ಮಗು ಬೇಕಿತ್ತು. ನಿರ್ದೇಶಕ ಫ್ರೆಡ್ ಫಿಶ್‌ಬ್ಯಾಕ್ ನೋಡಿದ. ಅಷ್ಟು ಗದ್ದಲದಲ್ಲೂ ಈ ಮಗು ಕೂರಿಸಿದ ಜಾಗದಲ್ಲೇ ಕೂತಿತ್ತು. ಅಳಲಿಲ್ಲ, ಅಲುಗಲಿಲ್ಲ, ಹೇಳಿದ್ದು ಮಾಡುತ್ತಿತ್ತು. ಇದೇ ಮಗು ಅಂದ.

ಅವಳ ಅಪ್ಪ ಕೌಬಾಯ್, ಸಾಹಸ ದೃಶ್ಯಗಳಲ್ಲಿ ಕೌಬಾಯ್ ಚಿತ್ರಗಳ ತಾರೆ ಟಾಮ್ ಮಿಕ್ಸ್‌ನ ಬದಲಿಗೆ ಕುದುರೆ ಹತ್ತುತ್ತಿದ್ದವನು. ಮಗಳನ್ನು ಶಿಸ್ತಿನಿಂದ ಪಳಗಿಸಿದ್ದ. ಇವಳಲ್ಲಿ ಪ್ರತಿಭೆ ಗಿತಿಭೆ ಏನಿಲ್ಲ, ಹೇಳಿದ ಮಾತು ಕೇಳುತ್ತಾಳೆ ಅಷ್ಟೇ ಅನ್ನೋದು ಅವನ ನಂಬಿಕೆ. ಕುದುರೆ ಪಳಗಿಸಿದವನ ಮಾತು ಅದು. ನಾಯಿಗೆ ಜೋಡಿಯಾಗಿ ಬಂದ ಮಗುವನ್ನು ಆರಿಸಿದ್ದೂ ಅದೇ ಗುಣ ನೋಡಿ. 'ಬೇಬಿ ಪೆಗ್ಗಿ' ಅನ್ನೋ ಹೆಸರು ಬಂತು. 1921ರಿಂದ 1924ರ ಒಳಗೆ ಸುಮಾರು 150 ಕಿರುಚಿತ್ರ. ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ ವಾರಕ್ಕೊಂದು! ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಕೆಲಸ. ಮಾಡಿದ್ದೇನೂ ಸಣ್ಣದಲ್ಲ. ವ್ಯಾಲೆಂಟಿನೊ, ಪೋಲಾ ನೆಗ್ರಿಯಂಥ ದೊಡ್ಡ ತಾರೆಯರನ್ನು ಅಣಕ ಮಾಡುತ್ತಿದ್ದಳು. ನಾಲ್ಕು ವರ್ಷದ ಮಗು ಹುಬ್ಬೇರಿಸಿ, ಬೀಸಣಿಗೆ ಬೀಸಿ, ಓರೆಗಣ್ಣಲ್ಲಿ ನೋಡೋದನ್ನು ನೋಡಿದರೆ ಅಪ್ಪನ ಮಾತು ಶುದ್ಧ ಸುಳ್ಳು ಅಂತ ಯಾರಿಗಾದರೂ ಗೊತ್ತಾಗುತ್ತೆ.

ಸಾಹಸಗಳೂ ಅವಳದೇ. ಒಂದು ಚಿತ್ರಕ್ಕೆ ಸಮುದ್ರದ ನೀರಲ್ಲಿ ಮುಳುಗಿಸಿ ಹಿಡಿದರು, ಪ್ರಜ್ಞೆ ತಪ್ಪಿತು. ಇನ್ನೊಂದಕ್ಕೆ ಉರಿಯುತ್ತಿರೋ ಕೋಣೆಯಿಂದ ಒಬ್ಬಳೇ ತಪ್ಪಿಸಿಕೊಂಡು ಬರಬೇಕಾಗಿತ್ತು. ಮತ್ತೊಂದಕ್ಕೆ ರೈಲಿನ ಡಬ್ಬಿಯ ಅಡಿಯಲ್ಲಿ ಕೂತು ಹೋಗಿದ್ದಳು.

ನಮ್ಮ ಸಿನಿಮಾಗಳ ಶುರುವಿನಲ್ಲಿ ಒಂದು ಸಾಲು ಬರುತ್ತಲ್ಲ, ಈ ಚಿತ್ರದಲ್ಲಿ ಯಾವ ಪ್ರಾಣಿಗೂ ಹಿಂಸೆ ಕೊಟ್ಟಿಲ್ಲ ಅಂತ. '777 ಚಾರ್ಲಿ' ನೋಡೋಕೆ ಹೋದಾಗ ಆ ಸಾಲನ್ನು ಎಂದೂ ಇಲ್ಲದ ಶ್ರದ್ಧೆಯಿಂದ ಓದಿದ್ದೆ. ಪೆಗ್ಗಿಯ ಚಿತ್ರಗಳ ಶುರುವಿನಲ್ಲಿ ಯಾವ ಸಾಲು ಹಾಕಬಹುದಿತ್ತು?

1924ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನಕ್ಕೆ ಅವಳನ್ನು ಶುಭದ ಗುರುತಾಗಿ ಕರೆದು ವೇದಿಕೆ ಹತ್ತಿಸಿದರು. ಅದರ ಮರುವರ್ಷ ಅಪ್ಪನಿಗೂ ನಿರ್ಮಾಪಕನಿಗೂ ಹಣದ ವಿಷಯಕ್ಕೆ ಜಗಳವಾಗಿ ಅವಳ ಸಿನಿಮಾ ಬದುಕು ಮುಗಿದೇ ಹೋಯಿತು. ಆರು ವರ್ಷಕ್ಕೆ ನಿವೃತ್ತಿ. ಸಂಪಾದಿಸಿದ್ದರಲ್ಲಿ ಅಪ್ಪ ಅಮ್ಮ ಖರ್ಚು ಮಾಡಿದ್ದು ಒಂದಿಷ್ಟು, ಹಣ ನೋಡಿಕೊಳ್ಳುತ್ತಿದ್ದ ನೆಂಟ ಹೊಡೆದುಕೊಂಡು ಹೋದದ್ದು ಇನ್ನೊಂದಿಷ್ಟು. ಅವಳ ಹೆಸರಿಗೆ ಅಂತ ಏನೂ ಉಳಿಯಲಿಲ್ಲ. 1930ರ ದಶಕದಲ್ಲಿ ಅದೇ ಹಾಲಿವುಡ್ಡಿನಲ್ಲಿ ಗುಂಪಿನ ದೃಶ್ಯಗಳಿಗೆ ನಿಲ್ಲೋ ಎಕ್ಸ್‌ಟ್ರಾ ಆಗಿ ಸಾಲು ನಿಂತಳು. ಚಿತ್ರಗಳೂ ಉಳಿಯಲಿಲ್ಲ. 1926ರಲ್ಲಿ ಸೆಂಚುರಿ ಸ್ಟುಡಿಯೊಗೆ ಬೆಂಕಿ ಬಿತ್ತು. ಆ ಕಾಲದ ಫಿಲ್ಮು ನೈಟ್ರೇಟಿನದು, ಹತ್ತಿಕೊಂಡರೆ ಆರಿಸೋಕಾಗಲ್ಲ. 150ರಲ್ಲಿ ಬೆರಳೆಣಿಕೆಯಷ್ಟು ಮಾತ್ರ ಈಗ ನೋಡೋಕೆ ಸಿಗುತ್ತವೆ.

ಚಾಪ್ಲಿನ್ ವಿಷಯಕ್ಕೆ ಬರದೆ ಇದು ಮುಗಿಯಲ್ಲ. 1918ರ 'ಎ ಡಾಗ್ಸ್ ಲೈಫ್'ನಲ್ಲಿ ಸ್ಕ್ರ್ಯಾಪ್ಸ್ ಅನ್ನೋ ನಾಯಿಯನ್ನು ಚಾರ್ಲಿ ತನ್ನ ದೊಗಳೆ ಪ್ಯಾಂಟಿನೊಳಗೆ ತುರುಕಿಕೊಂಡು ಕುಣಿತದ ಹಾಲಿಗೆ ಹೋಗುತ್ತಾನೆ. ಪ್ಯಾಂಟಿನ ಹಿಂದೆ ತೂತು. ಅದರಿಂದ ಬಾಲ ಹೊರಗೆ. ಅದು ಅಲ್ಲಾಡುತ್ತಾ ಪಕ್ಕದಲ್ಲಿದ್ದ ಡ್ರಮ್ಮು ಬಾರಿಸೋಕೆ ಶುರು ಮಾಡುತ್ತೆ. ಕೊನೇ ದೃಶ್ಯದಲ್ಲಿ ಚಾರ್ಲಿ, ನಾಯಕಿ ಎಡ್ನಾ ಇಬ್ಬರೂ ತೊಟ್ಟಿಲ ಹತ್ತಿರ ಬಗ್ಗಿ ಮುದ್ದಾಗಿ ನೋಡುತ್ತಾರೆ. ಪಾಪು ಅಂದುಕೊಳ್ಳುತ್ತೀರಿ. ಕ್ಯಾಮರಾ ಒಳಗೆ ನೋಡಿದರೆ ಸ್ಕ್ರ್ಯಾಪ್ಸ್ ಮರಿ ಹಾಕಿಕೊಂಡು ಮಲಗಿದೆ.

ಮೂರು ವರ್ಷದ ಮೇಲೆ ಬಂದ 'ದಿ ಕಿಡ್'ನಲ್ಲಿ ನಾಯಿಯ ಜಾಗಕ್ಕೆ ಹುಡುಗ ಬಂದ. ಬೀದಿಯಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡು ಸಾಕೋದು, ಜೊತೆಗೆ ಸೇರಿ ಸಣ್ಣಪುಟ್ಟ ಮೋಸ ಮಾಡೋದು, ಹಂಚಿಕೊಂಡು ತಿನ್ನೋದು, ಎಲ್ಲ ಅದೇ. ಅದು ಕಿರುಚಿತ್ರವಲ್ಲ ಅನ್ನೋದು ಗೊತ್ತು, ಆದರೂ ಒಂದು ವಿಷಯಕ್ಕೆ ಹೇಳುತ್ತಿದ್ದೇನೆ. ಅನಾಥಾಲಯದವರು ಎಳೆದುಕೊಂಡು ಹೋಗುವಾಗ ಹುಡುಗ ಜಾಕಿ ಕೂಗನ್ ಅಳಬೇಕಿತ್ತು. ಅವನೋ ಆಟದ ಗುಂಗಿನಲ್ಲಿದ್ದ, ಅಳು ಬರಲಿಲ್ಲ. ಆಗ ಅವನ ಅಪ್ಪನೇ ಮುಂದೆ ಬಂದು, ನೀನು ಅಳದಿದ್ದರೆ ಸ್ಟುಡಿಯೊದಿಂದ ಕರೆದುಕೊಂಡು ಹೋಗಿ, ಬಡವರನ್ನಿಟ್ಟು ದುಡಿಸೋ ವರ್ಕ್‌ಹೌಸಿಗೆ ಹಾಕ್ತೀನಿ ಅಂತ ಹೆದರಿಸಿದನಂತೆ. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಚಿತ್ರೀಕರಣ ಆದ ಮೇಲೆ ಚಾಪ್ಲಿನ್ ಎತ್ತಿಕೊಂಡು ಸಮಾಧಾನ ಮಾಡಿದರೆ, ಅಪ್ಪ ಸುಮ್ನೆ ಹೇಳಿದ್ದು ಅಂತ ನಂಗೆ ಗೊತ್ತಿತ್ತು ಅಂತ ಹುಡುಗ ಪಿಸುಗುಟ್ಟಿದನಂತೆ. ಚಾಪ್ಲಿನ್ ತನ್ನ ಆತ್ಮಕಥೆಯಲ್ಲಿ ಇದನ್ನು ತಮಾಷೆಯಾಗಿ ಬರೆದಿದ್ದಾನೆ. ಆ ದೃಶ್ಯ ನೋಡಿ ಅಳದವರನ್ನು ನಾನು ಕಂಡಿಲ್ಲ. ನಾನೂ ಅತ್ತಿದ್ದೇನೆ. ಅದಕ್ಕೇ ಬೇಜಾರು.

ಜಾಕಿ ದುಡಿದದ್ದು 30-40 ಲಕ್ಷ ಡಾಲರ್. ಅಪ್ಪ ಸತ್ತ ಮೇಲೆ 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ಕೇಸು ಹಾಕಿದ. ಕೊನೆಗೆ ಕೈಗೆ ಬಂದದ್ದು ಸುಮಾರು 1,26,000 ಡಾಲರ್. ಆ ಗದ್ದಲದಿಂದಲೇ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ದುಡಿಮೆ ಕಾಪಾಡೋ ಕಾನೂನು ಬಂತು, ಅವನ ಹೆಸರಿನಲ್ಲೇ ಕರೆಯುತ್ತಾರೆ. ಈಗ ಅದರ ಪ್ರಕಾರ ಸಂಬಳದಲ್ಲಿ ಶೇ. 15ನ್ನು ಮಗುವಿನ ಹೆಸರಿನಲ್ಲೇ ಇಡಬೇಕು. ಪೆಗ್ಗಿಗೆ ಅದು ತಡವಾಯಿತು. ಅವಳು ಮುಂದೆ ಡಯಾನಾ ಸೆರಾ ಕ್ಯಾರಿ ಅನ್ನೋ ಹೆಸರಿಟ್ಟುಕೊಂಡು ಬರಹಗಾರ್ತಿಯಾದಳು. ಹಾಲಿವುಡ್ಡಿನ ಬಾಲನಟರ ಬದುಕನ್ನು ಹುಡುಕಿ ಹುಡುಕಿ ಪುಸ್ತಕ ಬರೆದಳು. 2020ರ ಫೆಬ್ರವರಿಯಲ್ಲಿ ತೀರಿಕೊಂಡಾಗ 101 ವರ್ಷ.

ಪೆಗ್ಗಿಯ ಜೋಡಿಯಾಗಿದ್ದ ನಾಯಿ ಬ್ರೌನಿಯ ಲೆಕ್ಕ ಬೇರೆ. ನಾಯಿ ಪಳಗಿಸೋರೆಲ್ಲರಿಗೂ ಒಂದು ವಿಷಯ ಗೊತ್ತು, ನನಗೂ ಕಾಳನಿಂದ ಗೊತ್ತಾಯಿತು. ಕೆಲಸ ಮಾಡಿದ ಕೂಡಲೇ ಕೊಡಬೇಕು. ಒಂದು ನಿಮಿಷ ತಡವಾದರೂ ಮುಂದಿನ ಸಲ ಅದು ಮಾಡಲ್ಲ. ನಾಯಿಯ ಕೂಲಿಯನ್ನು ಬೇರೆ ಯಾರ ಕೈಗೋ ಕೊಟ್ಟು ನಡೆಸೋಕಾಗಲ್ಲ.

ಮೊನ್ನೆ ಇದನ್ನೆಲ್ಲ ಬರೆಯೋಕೆ ಕೂತಾಗ ನಮ್ಮ 15 ಸೆಕೆಂಡಿನ ವಿಡಿಯೊ ಮತ್ತೆ ಹಾಕಿ ನೋಡಿದೆ. ಗುಂಪಿನಲ್ಲಿ ಎಲ್ಲರೂ ನಕ್ಕಿದ್ದರು, ಅಕ್ಕ ನಾಲ್ಕು ಕಡೆ ಕಳಿಸಿದ್ದಳು. ಕಾಳ ಚಕ್ಕುಲಿ ಎತ್ತುತ್ತಾನೆ, ಓಡುತ್ತಾನೆ, ಎಡಕ್ಕೆ ನೋಡುತ್ತಾನೆ. ಅಷ್ಟು ಸಲ ನೋಡಿದ್ದರೂ ನನ್ನ ಕಣ್ಣು ಅವನ ಮೇಲೇ ಇತ್ತು. ಈ ಸಲ ಪುಟ್ಟಿಯನ್ನು ನೋಡಿದೆ. ಬಾಯಿ ಬಿಟ್ಟು ಆಶ್ಚರ್ಯ ತೋರಿಸಿದ ಮೇಲೆ, ಹನ್ನೆರಡನೇ ಸೆಕೆಂಡಿಗೆ, ಅವಳೂ ಎಡಕ್ಕೆ ತಿರುಗುತ್ತಾಳೆ. ಸರಿಯಾಯ್ತಾ ಅಂತ.

ಏಳನೇ ಸಲಕ್ಕೆ ಅವಳು "ಸಾಕು ಮಾಮ" ಅಂದಿದ್ದಳು. ಇನ್ನೊಂದೇ ಸಲ, ಚಾಕೊಲೇಟ್ ಕೊಡಿಸ್ತೀನಿ ಅಂತ ಕೂರಿಸಿದ್ದೆ. ಕಾಳನಿಗೆ ಆ ಮಧ್ಯಾಹ್ನ ಇಡೀ ಪೊಟ್ಟಣ ಬಿಸ್ಕತ್ತು ಸಿಕ್ಕಿತ್ತು. ಅವಳ ಚಾಕೊಲೇಟ್ ಏನಾಯಿತು ಅಂತ ಯೋಚಿಸಿದೆ. ಸಂಜೆ ಅಂಗಡಿ ಮುಚ್ಚಿತ್ತು, ಮರುದಿನ ಬೆಳಗಿನ ಬಸ್ಸಿಗೆ ಅವರು ಊರಿಗೆ ಹೊರಟಿದ್ದರು.

ಅಕ್ಕನಿಗೆ ಫೋನ್ ಮಾಡಿ ಪುಟ್ಟಿಗೆ ಕೊಡು ಅಂದೆ. "ನೆನಪಿದೆಯೇನೇ, ನಿಂಗೊಂದು ಚಾಕೊಲೇಟ್ ಬಾಕಿ ಇದೆ" ಅಂದೆ.

"ಒಂದಲ್ಲ ಮಾಮ, ಎಂಟು ಸಲ ಮಾಡಿಸಿದ್ರಿ" ಅಂದಳು.